ನಲವತ್ತೆರಡನೆಯ ದಿನ

ಆಶಾಕ್ಕನ ಚೀಲದಲ್ಲಿ ತಕ್ಕಡಿ ಇದೆಯೆಂದು ಗೊತ್ತಾಗುವುದು ಅವಳು ನಡೆಯತೊಡಗಿದಾಗಲೇ. ತಕ್ಕಡಿಯ ಕೊಕ್ಕೆ ಥರ್ಮಾಮೀಟರಿನ ಡಬ್ಬಿಗೆ ತಾಗಿ ಹೆಜ್ಜೆಗೊಮ್ಮೆ ಟಿಣ್ ಅನ್ನುತ್ತದೆ. ಓಣಿಯ ನಾಯಿಗೂ ಆ ಸದ್ದಿನ ಪರಿಚಯವಿದೆ. ನನ್ನನ್ನು ಕಂಡು ಬೊಗಳಲು ಎದ್ದದ್ದು ಟಿಣ್ ಕೇಳಿಸಿ ಮತ್ತೆ ಬೂದಿಯಲ್ಲಿ ಮುದುಡಿಕೊಂಡಿತು. ಡಿಸೆಂಬರಿನ ಬೆಳಗು, ಏಳೂವರೆ. ಹತ್ತಿ ಬಿಡಿಸಲು ಹೊರಟ ಹೆಂಗಸರು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಟಂಟಂನಲ್ಲಿ ಒತ್ತಿ ಕೂತಿದ್ದಾರೆ. ಯಾದಗಿರಿ ಜಿಲ್ಲೆಯ ಒಂದು ಊರು. ಕೃಷ್ಣೆಯ ಕಾಲುವೆ ಮಗ್ಗುಲಲ್ಲೇ ಹೋಗಿದೆ, ನೀರು ಕೊನೆಯ ಹೊಲ ಮುಟ್ಟಿದ ವರ್ಷ ಕಡಿಮೆ. ಊರಿನ ಹೆಸರು ಬೇಡ. ನಾನು ಹೇಳಹೊರಟ ಹುಡುಗಿ ಇನ್ನೂ ಇಲ್ಲೇ ಬಾಳಬೇಕು.

ಆಶಾಕ್ಕನಿಗೂ ತನ್ನದೊಂದು ಹೆಸರಿದೆ, ಕರೆಯುವವರಿಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಹುಟ್ಟಿಸಿದ ಹುದ್ದೆಯ ಹೆಸರೇ ಅವಳ ಮೈಗೆ ಅಂಟಿಕೊಂಡಿದೆ. ಸಾವಿರ ಜನಕ್ಕೊಬ್ಬ ಆಶಾ ಎಂಬ ಲೆಕ್ಕ. ಹೆರಿಗೆ ಆಸ್ಪತ್ರೆಯಲ್ಲಾದರೆ 3, 7, 14, 21, 28, 42ನೆಯ ದಿನಗಳಂದು ಬಾಣಂತಿಯ ಮನೆ ಬಾಗಿಲಿಗೆ ಹೋಗಬೇಕು. ಆರೂ ಭೇಟಿ ಮುಗಿಸಿ ಕಾರ್ಡು ತುಂಬಿದರೆ 250 ರೂಪಾಯಿ. "ಭೇಟಿಗೆ ನಲವತ್ತೊಂದು ರೂಪಾಯಿ ಅರವತ್ತಾರು ಪೈಸೆ," ಅಂದಳು, ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿದ್ದುದನ್ನು ಹಿಡಿದವಳಂತೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾಗಳು ಹಗಲು ರಾತ್ರಿ ಕೂತಾಗ ಇವಳೂ ಕಂಬಳಿ ಕಟ್ಟಿಕೊಂಡು ಹೋಗಿದ್ದಳು. ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಸಿಕ್ಕ ಮೇಲೆ ಎದ್ದು ಬಂದರು. ಆ ಕಥೆ ಬೇರೆ.

ಇವತ್ತು ಆ ಮನೆಯಲ್ಲಿ ನಲವತ್ತೆರಡನೆಯ ದಿನ.

ತಗಡಿನ ಬಾಗಿಲು, ನೆಲಕ್ಕೆ ಶಹಾಬಾದಿ ಪರಸಿ, ಒಂದೇ ಖೋಲಿ. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯಿತು. ಹೊರಸಿನ ಕೆಳಗೆ ಬೋಗುಣಿಯಲ್ಲಿ ಕೆಂಡ, ಕೆಂಡದ ಮೇಲೆ ಒಣ ಬೇವಿನೆಲೆ ಮತ್ತು ಬಳ್ಳೊಳ್ಳಿಯ ಸಿಪ್ಪೆ. ಹೊಗೆ ಹೊರಸಿನ ನವಾರಿನ ಸಂದಿಯಲ್ಲಿ ಮೇಲೇಳುತ್ತಿದೆ. ಅದರ ಮೇಲೆ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫು ಬಿಗಿದುಕೊಂಡ ಹುಡುಗಿ. ಬಾಣಂತಿ ಎಂಬ ಮಾತು ಬಾಯಿಗೆ ಬರಲಿಲ್ಲ. ಶಾಲೆಯ ಮೈದಾನದಲ್ಲಿ ಸಿಕ್ಕಿದ್ದರೆ ಯಾವ ಕ್ಲಾಸಮ್ಮಾ ಅಂತ ಕೇಳುತ್ತಿದ್ದೆ. ತೊಲೆಯಿಂದ ಇಳಿಬಿಟ್ಟ ಸೀರೆಯ ಜೋಲಿಯಲ್ಲಿ ಕೂಸು. ಜೋಲಿಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಫೋನ್ ನಂಬರುಗಳು: ಟ್ರ್ಯಾಕ್ಟರಿನವನದು, ಗ್ಯಾಸಿನವನದು, ಇನ್ನೊಂದರ ಮುಂದೆ ಬರೀ "ಅವ್ವ".

ಅವ್ವ ಬೆಂಗಳೂರಿನಲ್ಲಿದ್ದಾಳೆ. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಗುಳೆ ಹೋದವರು ಕಟ್ಟಡದ ಕೆಲಸಕ್ಕೆ ಸೇರಿ ಅಲ್ಲೇ ತಗಡಿನ ಶೆಡ್ಡಿನಲ್ಲಿ ನಿಂತರು. ಹೋಗುವ ಮುಂಚೆ ಮಗಳನ್ನು ಸೋದರತ್ತೆಯ ಮಗನಿಗೆ ಕಟ್ಟಿದರು. ಬೆಳೆದ ಹುಡುಗಿಯನ್ನು ಶೆಡ್ಡಿಗೆ ಕರೆದೊಯ್ಯುವುದು ಹೇಗೆ, ಒಂಟಿ ಬಿಡುವುದು ಹೇಗೆ ಎಂಬ ಎರಡು ಭಯಗಳ ನಡುವೆ ಈ ಕಡೆ ಎಷ್ಟೋ ಮದುವೆಗಳು ಆಗುತ್ತವೆ. ಚೊಚ್ಚಲ ಬಾಣಂತನ ತವರಿನಲ್ಲಿ ಅನ್ನುವುದು ನಮ್ಮಲ್ಲಿ ಶಾಸನದಷ್ಟು ಗಟ್ಟಿ. ಎಣ್ಣೆ ನೀರು, ಖಾರ, ಬಜೆ, ನಿದ್ದೆ. ರಾತ್ರಿ ಕೂಸು ಅತ್ತರೆ ಎತ್ತಿಕೊಳ್ಳಲು ತಾಯಿಯ ಕೈ. ಇವಳ ತವರಿಗೆ ಬೀಗ.

"ಕೈ ತೊಕ್ಕೋಬೇಕು, ಬಿಸಿನೀರು ಕಾಯಿಸಿ ಕೊಡ್ರಿ," ಎಂದು ಆಶಾಕ್ಕ ಅತ್ತೆಯನ್ನು ಒಲೆಯ ಕಡೆ ಕಳಿಸಿದಳು. ಒಲೆ ಹಿತ್ತಲಲ್ಲಿದೆ. ಕೂಸನ್ನು ಮುಟ್ಟುವ ಮೊದಲು ಕೈ ತೊಳೆಯುವುದು ತರಬೇತಿಯಲ್ಲಿ ಕಲಿಸಿದ ಕಟ್ಟುನಿಟ್ಟಿನ ಪಾಠ. ಆದರೆ ನೀರು ಬಿಸಿಯೇ ಇರಬೇಕೆಂದು ಯಾರೂ ಕಲಿಸಿಲ್ಲ. ಕಟ್ಟಿಗೆಯ ಒಲೆಯಲ್ಲಿ ನೀರು ಕಾಯಲು ಹತ್ತು ನಿಮಿಷ ಬೇಕು. ಅವಳಿಗೆ ಬೇಕಾದದ್ದು ಆ ಹತ್ತು ನಿಮಿಷ.

ಅವಳ ಕಾರ್ಡಿನ ಮೊದಲ ಪ್ರಶ್ನೆ ಕೂಸಿನದಲ್ಲ. ಕಳೆದ 24 ತಾಸಿನಲ್ಲಿ ತಾಯಿ ಎಷ್ಟು ಸಲ ಹೊಟ್ಟೆತುಂಬ ಉಂಡಳು ಎಂಬುದು. ಇದನ್ನು ಬರೆದವರು ಯಾರೋ ಗೊತ್ತಿಲ್ಲ, ಸರ್ಕಾರಿ ನಮೂನೆಗಳಲ್ಲಿ ಇಷ್ಟು ಒಳ್ಳೆಯ ಮೊದಲ ಸಾಲು ನಾನು ಬೇರೆ ಕಂಡಿಲ್ಲ.

"ಉಂಡೀಯೇನ?"

"ಹ್ಞೂಂ."

"ಏನ್ ಉಂಡಿ?"

"ರೊಟ್ಟಿ."

"ಎಷ್ಟ?"

ಹುಡುಗಿ ಒಂದು ಬೆರಳು ತೋರಿಸಿದಳು. "ರಾತ್ರಿ?" ಎಂದಾಗ ತಲೆ ಅಲ್ಲಾಡಿಸಿದಳು. 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟವಿದೆ, ಬಾಣಂತಿಗೆಂದೇ ಇದೆ, ಆದರೆ ಉಣ್ಣಲು ಅಲ್ಲಿಗೇ ಹೋಗಬೇಕು. ಬಾಣಂತಿ ಹೊಸ್ತಿಲು ದಾಟಬಾರದು. ಹೀಗೆ ಊಟ ಒಂದು ಕಡೆ, ಹಸಿವು ಒಂದು ಕಡೆ.

ತಕ್ಕಡಿ ಹೊರಬಂತು. ಬಟ್ಟೆಯ ಜೋಳಿಗೆಯೊಳಗೆ ಕೂಸನ್ನು ಮಲಗಿಸಿ, ಎರಡು ತುದಿ ಕೊಕ್ಕೆಗೆ ಸಿಕ್ಕಿಸಿ, ಆಶಾಕ್ಕ ಎದ್ದು ನಿಂತು ಮುಳ್ಳು ತನ್ನ ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತಿ ಹಿಡಿದಳು. ಆ ಗಳಿಗೆಯಲ್ಲಿ ಖೋಲಿಯ ಎಲ್ಲರೂ ಉಸಿರು ಹಿಡಿದಿರುತ್ತಾರೆ. ಮುಳ್ಳು ನಡುಗಿ, ಹಿಂದೆ ಮುಂದೆ ಆಡಿ, ನಿಂತಿತು. ಹುಟ್ಟಿದಾಗ ಎರಡು ಕಿಲೋ ನಾನೂರು, ಈಗ ಮೂರು ಕಿಲೋ ಇನ್ನೂರು. "ಬೆಳ್ಯಾಕತ್ತಾನ," ಅಂದಳು. ಸಾಲದೆಂದು ಅವಳಿಗೂ ಗೊತ್ತಿತ್ತು. ಬೈದರೆ ಹಾಲು ಹೆಚ್ಚಾಗುವುದಿಲ್ಲ.

ಕೂಸನ್ನು ಇಳಿಸಿ, ಅಂಗಿ ತೆಗೆದು ಮೈ ನೋಡುವಾಗ ಅವಳ ಕೈ ನಿಂತಿತು. ಬಲತೋಳಿನ ಮೇಲುಭಾಗದಲ್ಲಿ ಒಂದರ ಪಕ್ಕ ಒಂದು ಮೂರು ನೀಲಿ ಗುರುತು. ಹಿಂಬದಿಗೆ ಇನ್ನೊಂದು, ಸ್ವಲ್ಪ ದೊಡ್ಡದು. ಅದರ ಮೇಲೆ ಹೆಬ್ಬೆರಳಿಟ್ಟು ಹಿಡಿದರೆ ಸರಿಯಾಗಿ ಕೂರುತ್ತದೆ.

ನಾನಾಗಿದ್ದರೆ ಏನು ಕೇಳುತ್ತಿದ್ದೆನೋ. ಇದೇನು, ಯಾರು ಮಾಡಿದ್ದು, ಹೀಗೆ ಯಾವುದಾದರೂ ಪೊಲೀಸರ ಪ್ರಶ್ನೆ. ಆಶಾಕ್ಕ ಅಂಗಿಯನ್ನು ಮತ್ತೆ ತೊಡಿಸಿ, ಕೂಸನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು, ಹುಡುಗಿಯ ಮುಖ ನೋಡದೆ ಕೇಳಿದಳು: "ರಾತ್ರಿ ನಿದ್ದಿ ಆಗ್ತದೇನವ್ವಾ ನಿನಗ?"

ಅಷ್ಟಕ್ಕೇ ಕಟ್ಟೆ ಒಡೆಯಿತು.

ನಿದ್ದೆ ಇಲ್ಲ. ಹದಿನೈದು ದಿನದಿಂದ ಸಂಜೆಯಾದರೆ ಅಳು ಶುರು. ಮೊಲೆ ಕೊಟ್ಟರೂ ಅಳು, ಎತ್ತಿದರೂ ಅಳು, ಜೋಲಿ ತೂಗಿದರೂ ಅಳು. ಅತ್ತೆ ಹೊಟ್ಟೆ ಉಬ್ಬರ ಅಂದು ಬರೆ ಹಾಕಿಸೋಣ ಅನ್ನುತ್ತಾಳೆ. ಮೊನ್ನೆ ನಡುರಾತ್ರಿ ಗಂಡ ಕುಡಿದು ಬಂದವನು ಅದರ ಬಾಯಿ ಮುಚ್ಚಿಸು ಅಂದ. "ನಾ ತೋಳ ಹಿಡದ ಎತ್ತಿ ಜೋರಲೆ ಅಲುಗಿಸಿದೆ ಅಕ್ಕಾ. ಅದು ಗಪ್ಪಾಯ್ತು. ಗಪ್ಪಾದ ಮ್ಯಾಲ ನನಗ ಅಂಜಿಕಿ ಬಂತು. ಉಸರಾಡ್ಲಿಕತ್ತದೋ ಇಲ್ಲೋ ಅಂತ ಮೂಗಿಗೆ ಬಟ್ಟ ಹಿಡಕೊಂಡು ಬೆಳತನಕ ಕುಂತೆ."

ಅತ್ತೆ ಚರಿಗೆಯಲ್ಲಿ ಬಿಸಿನೀರು ತಂದಿಟ್ಟು ಹೊಸ್ತಿಲ ಬಳಿ ನಿಂತಳು. ಆಶಾಕ್ಕ ಕೈ ತೊಳೆಯಲಿಲ್ಲ. ಚರಿಗೆಯನ್ನು ಕಂಠದಲ್ಲಿ ಹಿಡಿದು ಎರಡು ಸಲ ಜೋರಾಗಿ ಕುಲುಕಿದಳು. ನೀರು ಈ ದಂಡೆಗೆ, ಆ ದಂಡೆಗೆ ಬಡಿದು ಪರಸಿಯ ಮೇಲೆಲ್ಲ ಚೆಲ್ಲಿತು. "ಕೂಸಿನ ತಲಿಯೊಳಗ ಹಿಂಗ ಆಗ್ತದ. ಕುತ್ತಿಗಿ ಇನ್ನಾ ನಿಂತಿಲ್ಲ, ಮೆದುಳು ಇನ್ನಾ ಮೆತ್ತಗದ. ಅತ್ತರ ಕೂಸು ಸಾಯಂಗಿಲ್ಲ. ಅಲುಗಿಸಿದ್ರ ಸಾಯ್ತದ." ನಂತರ ದನಿ ಇಳಿಸಿ, "ಸಿಟ್ಟು ಬಂದ್ರ ಜೋಲ್ಯಾಗ ಹಾಕು. ಹೊರಗ ಬಂದು ಕಟ್ಟಿ ಮ್ಯಾಲ ಕೂಡು. ನೂರು ಎಣಸು. ನಂದು ಹಿರೀದು ಹುಟ್ಟಿದಾಗ ನಾ ಒಂದಿನ ಬಾವಿತನಕ ಹೋಗಿ ಹೊಳ್ಳಿ ಬಂದೀನಿ," ಅಂದಳು.

ಹುಡುಗಿ ತಲೆಯೆತ್ತಿ ಅವಳನ್ನು ನೋಡಿದಳು. ನಾನೂ ನೋಡಿದೆ. ಬಾವಿಗೆ ಹೋದದ್ದು ಕೂಸನ್ನು ಎತ್ತಿಕೊಂಡೋ ಒಬ್ಬಳೇ ಆಗಿಯೋ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮಕ್ಕಳ ಮೇಲಿನ ಹಿಂಸೆ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಒಬ್ಬ ದುರುಳ. ಈ ಖೋಲಿಯಲ್ಲಿ ಹುಡುಕಿದರೂ ಅಂಥವನು ಸಿಗಲಿಲ್ಲ. ಹೊಗೆ, ಹಸಿವು, ನಿದ್ದೆಗೇಡು, ಹದಿಹರೆಯದ ಎರಡು ತೋಳು ಸಿಕ್ಕವು. ಬರೆಯ ಮಾತೆತ್ತಿದ ಅತ್ತೆಯೂ ಪ್ರೀತಿಯಿಂದಲೇ ಎತ್ತಿದ್ದು. ತನ್ನ ನಾಲ್ಕು ಮಕ್ಕಳ ಹೊಟ್ಟೆಯ ಮೇಲೂ ಆ ಗುರುತಿದೆ, ಬದುಕಿದ್ದಾರಲ್ಲ ಅನ್ನುತ್ತಾಳೆ. ಅವಳು ಈ ಮನೆಗೆ ಬಂದಾಗ ಹದಿನಾಲ್ಕು ವರ್ಷ. ಅವಳಿಗೂ ನಿದ್ದಿ ಆಗ್ತದೇನವ್ವಾ ಎಂದು ಯಾರೂ ಕೇಳಿರಲಿಕ್ಕಿಲ್ಲ.

ಆ ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದಕ್ಕೆ ಬಹು ದೂರದ ಇನ್ನೊಂದು ಊರಿನ ಲೆಕ್ಕವಿದೆ. ನ್ಯೂಯಾರ್ಕ್ ರಾಜ್ಯದ ದಕ್ಷಿಣದ ಅಂಚಿನಲ್ಲಿ ಎಲ್ಮೈರಾ ಅಂತ ಒಂದು ಪುಟ್ಟ ಪಟ್ಟಣ. ಮಾರ್ಕ್ ಟ್ವೇನ್‌ನ ಸಮಾಧಿ ಇರುವ ಊರು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆಗೆ ನದಿ ಉಕ್ಕಿ ಪೇಟೆ ಮುಳುಗಿತ್ತು. ಆ ದಶಕ ಮುಗಿಯುತ್ತ ಬಂದಾಗ, ಬಡತನಕ್ಕೂ ಮಕ್ಕಳ ಮೇಲಿನ ಹಿಂಸೆಗೂ ಹೆಸರಾಗಿದ್ದ ಆ ಊರಿಗೆ ಡೇವಿಡ್ ಓಲ್ಡ್ಸ್ ಎಂಬ ತರುಣ ಬಂದ. ಬಾಲ್ಟಿಮೋರಿನ ಶಿಶುವಿಹಾರವೊಂದರಲ್ಲಿ ಬಡಮಕ್ಕಳ ಜೊತೆ ಕೆಲಸ ಮಾಡಿದ್ದವನು. ಮಗು ಶಿಶುವಿಹಾರದ ಮೆಟ್ಟಿಲು ಹತ್ತುವ ಹೊತ್ತಿಗೆ ತಡವಾಗಿರುತ್ತದೆ ಎಂದು ಅಲ್ಲೇ ಕಂಡುಕೊಂಡಿದ್ದ. 1978ರಿಂದ ಮೊದಲ ಸಲ ಬಸುರಾದ 400 ಹೆಂಗಸರನ್ನು ಸೇರಿಸಿಕೊಂಡರು. ಹೆಚ್ಚಿನವರು ಹದಿಹರೆಯದವರು, ಇಲ್ಲವೇ ಮದುವೆಯಾಗದವರು, ಇಲ್ಲವೇ ಬಡವರು. ಅವರನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಒಂದು ಗುಂಪಿನವರ ಮನೆಗೆ ನರ್ಸುಗಳನ್ನು ಕಳಿಸಿದರು. ಬಸುರಿನಲ್ಲಿ ಸರಾಸರಿ 9 ಸಲ, ಹೆತ್ತ ಮೇಲೆ ಮಗುವಿಗೆ ಎರಡು ತುಂಬುವವರೆಗೆ 23 ಸಲ.

ಆ ನರ್ಸುಗಳು ಮಾಡಿದ್ದೇನು? ಅಡುಗೆಮನೆಯ ಮೇಜಿನ ಬಳಿ ಕೂತರು. ಸಿಗರೇಟು, ಊಟ, ಗೆಳೆಯ, ಬಿಟ್ಟ ಶಾಲೆ, ಮುಂದಿನ ಕೆಲಸ, ಎರಡನೆಯ ಮಗು ಯಾವಾಗ ಬೇಕು, ಬೇಕೋ ಬೇಡವೋ ಎಂದೆಲ್ಲ ಮಾತಾಡಿದರು. ಮದುವೆಯಾಗದ ಬಡ ಹದಿಹರೆಯದ ತಾಯಂದಿರಲ್ಲಿ, ನರ್ಸು ಹೋಗದ ಮನೆಗಳ ನೂರಕ್ಕೆ 19ರಲ್ಲಿ ಎರಡು ವರ್ಷದೊಳಗೆ ಹಿಂಸೆಯೋ ನಿರ್ಲಕ್ಷ್ಯವೋ ದಾಖಲಾಯಿತು. ನರ್ಸು ಹೋದ ಮನೆಗಳಲ್ಲಿ ನೂರಕ್ಕೆ 4. ಹದಿನೈದು ವರ್ಷ ಬಿಟ್ಟು ಅದೇ ಕುಟುಂಬಗಳನ್ನು ಹುಡುಕಿಕೊಂಡು ಹೋದಾಗಲೂ, ಭೇಟಿ ಪಡೆದ ಒಟ್ಟು ತಾಯಂದಿರ ಮೇಲಿನ ಅಂಥ ದಾಖಲೆಗಳು ಉಳಿದವರದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟಿದ್ದವು. ಅಂಕಿ ಚಿಕ್ಕ ಗುಂಪಿನದು, ಹಿಗ್ಗಿಸಿ ಹೇಳಬಾರದು. ಇದೇ ಕ್ರಮವನ್ನು ಇಂಗ್ಲೆಂಡಿಗೆ ಒಯ್ದು ಹದಿಹರೆಯದ ತಾಯಂದಿರಲ್ಲಿ ಪರೀಕ್ಷಿಸಿದಾಗ ಮುಖ್ಯವಾಗಿ ನಿರೀಕ್ಷಿಸಿದ್ದ ಫಲಗಳು ಕಾಣಲಿಲ್ಲ. ಅಲ್ಲಿ ಎಲ್ಲರ ಮನೆಗೂ ಹೆಲ್ತ್ ವಿಸಿಟರ್ ಮೊದಲೇ ಹೋಗುತ್ತಿದ್ದಳು. ಅಂಗಳದಲ್ಲಿ ನೀರಿದ್ದವರಿಗೆ ಇನ್ನೊಂದು ಕೊಡ ಇಳಿಸಿದರೆ ಅಷ್ಟೇನೂ ತಿಳಿಯುವುದಿಲ್ಲ ಎಂದು ನನ್ನ ಅಂದಾಜು.

ಎಲ್ಮೈರಾದ ಕಡತದಲ್ಲಿ ಇನ್ನೊಂದು ಮಾತಿದೆ, ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಗಂಡನೋ ಗೆಳೆಯನೋ ಮತ್ತೆ ಮತ್ತೆ ಕೈಮಾಡುತ್ತಿದ್ದ ಮನೆಗಳಲ್ಲಿ ನರ್ಸಿನ ಭೇಟಿ ಮಗುವನ್ನು ಕಾಯಲಿಲ್ಲ. ಹೊರಸಿನ ಪಕ್ಕ ಕೂತು ನನಗೆ ನೆನಪಾದದ್ದು ಅದೇ. ಗಂಡ ಎಂಬುವನು ಈ ಬೆಳಗ್ಗೆ ಮನೆಯಲ್ಲಿರಲಿಲ್ಲ. ಗೂಟಕ್ಕೆ ಅವನ ಅಂಗಿಯೊಂದು ನೇತಾಡುತ್ತಿತ್ತು. ಅವನಿಗೂ ಇಪ್ಪತ್ತೋ ಇಪ್ಪತ್ತೊಂದೋ. ಕಾರ್ಡಿನಲ್ಲಿ ಅವನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಆಶಾಕ್ಕನ ಕಾರ್ಡು ಹುಟ್ಟಿದ್ದು ಬೇರೆಯೇ ಚಿಂತೆಯಿಂದ. ಅದರ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಭಯ್ ಮತ್ತು ರಾಣಿ ಬಂಗ್ ದಂಪತಿ ತೊಂಬತ್ತರ ದಶಕದಲ್ಲಿ ಹಳ್ಳಿಯ ಹೆಂಗಸರ ಕೈಗೆ ತಕ್ಕಡಿ, ಥರ್ಮಾಮೀಟರು, ಗಡಿಯಾರ ಕೊಟ್ಟು ಮನೆಮನೆಗೆ ಕಳಿಸಿದರು. ಮೂರೇ ವರ್ಷದಲ್ಲಿ ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. 2011ರಲ್ಲಿ ದೇಶದ ಆಶಾಗಳೆಲ್ಲರಿಗೂ ಆ ಕೆಲಸ ಬಂತು. ಕೂಸು ಉಸಿರಾಡುತ್ತಿದೆಯೇ, ಬೆಚ್ಚಗಿದೆಯೇ, ಹಾಲು ಕುಡಿಯುತ್ತಿದೆಯೇ. ಸಾವಿನಿಂದ ಕಾಯಲು ಮಾಡಿದ ಚೀಲ ಅದು. ಕೈಯಿಂದ ಕಾಯುವುದು ಆಶಾಕ್ಕ ತಾನೇ ಸೇರಿಸಿಕೊಂಡ ಬಾಬತ್ತು.

ಅದಕ್ಕೇ ನಲವತ್ತೆರಡು ಎಂಬ ಅಂಕಿ ನನ್ನನ್ನು ಕಾಡುತ್ತದೆ. ಕೂಸುಗಳ ಅಳುವನ್ನು ತಾಸಿನ ಲೆಕ್ಕದಲ್ಲಿ ಬರೆಸಿ ನೋಡಿದವನು ಅಮೆರಿಕದ ಮಕ್ಕಳ ವೈದ್ಯ ಬ್ರೇಝಲ್ಟನ್. 1962ರಲ್ಲಿ ಅವನು ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಾಗಿರುವ ಕೂಸಿನ ಅಳು ಎರಡನೆಯ ವಾರದಿಂದ ಏರುತ್ತ ಹೋಗಿ ಆರನೆಯ ವಾರದ ಸುಮಾರಿಗೆ ತುದಿ ಮುಟ್ಟುತ್ತದೆ. ಆಗ ದಿನಕ್ಕೆ ಹತ್ತಿರಹತ್ತಿರ ಮೂರು ತಾಸು, ಅದೂ ಹೆಚ್ಚಾಗಿ ಸಂಜೆ. ಆಮೇಲೆ ತಾನಾಗಿ ಇಳಿಯುತ್ತದೆ. ಆರು ವಾರವೆಂದರೆ ನಲವತ್ತೆರಡು ದಿನ. ಅಳು ನೆತ್ತಿಗೇರುವ ದಿನಕ್ಕೆ ಸರಿಯಾಗಿ ನಮ್ಮ ಭೇಟಿ ಮುಗಿಯುತ್ತದೆ. ಮುಂದಿನ ಸರಣಿಯ ಭೇಟಿ ಮೂರನೆಯ ತಿಂಗಳಿಗೆ. ನಡುವೆ ಲಸಿಕೆಯ ಸರದಿಯಲ್ಲಿ ಒಂದೆರಡು ಸಲ ಮುಖ ಕಂಡರೆ ಉಂಟು.

"ಇವತ್ತ ಗುರುವಾರ, ಡೋಸ್ ಅದ. ಹತ್ತಕ್ಕ ಕರಕೊಂಡು ಬರ್ರಿ," ಎಂದು ಆಶಾಕ್ಕ ಅತ್ತೆಗೆ ಹೇಳಿದಳು. "ಡಾಕ್ಟರೂ ಬರ್ತಾರ. ತೂಕಾ ಕಡಿಮಿ ಅದ, ಒಮ್ಮಿ ಮೈ ನೋಡಿಸೋಣು." ತೋಳಿನ ಮಾತೇ ಇಲ್ಲ. "ಮತ್ತ ಬರಿ ಹಾಕಸಬ್ಯಾಡ್ರಿ. ಹಾಕಸಿದ್ರಿ ಅಂದ್ರ ನಾ ನಿಮ್ಮನಿ ಚಹಾ ಕುಡ್ಯಾಂಗಿಲ್ಲ." ಅತ್ತೆ ನಕ್ಕಳು. ಆ ನಗುವಿನ ಮೇಲೆಯೇ ಎರಡನೆಯ ಮಾತು: ರಾತ್ರಿ ಒಂಬತ್ತರಿಂದ ಹನ್ನೆರಡರ ತನಕ ಕೂಸು ಅಜ್ಜಿಯ ಹತ್ತಿರ, ಹುಡುಗಿಗೆ ಮೂರು ತಾಸು ನಿದ್ದೆ, ಎರಡು ಹೊತ್ತಿಗೆ ಎರಡೆರಡು ರೊಟ್ಟಿ. ಒಪ್ಪಂದವಾಯಿತು. ಎಷ್ಟು ದಿನ ನಿಲ್ಲುತ್ತದೋ.

ಉಪಕೇಂದ್ರದಲ್ಲಿ ಲಸಿಕೆಯ ಮುಂಚೆ ಡಾಕ್ಟರು ಕೂಸಿನ ತೋಳು ಮಡಚಿ ಬಿಚ್ಚಿ, ಕೊರಳ ಎಲುಬು ಮುಟ್ಟಿ, ಕಣ್ಣಿಗೆ ಬೆಳಕು ಹಿಡಿದು ನೋಡಿದರು. ಎಲುಬಿಗೆ ಏನೂ ಆದಂತಿಲ್ಲ, ಆದರೂ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ನೋಡಲಿ ಎಂದು ಚೀಟಿ ಬರೆದುಕೊಟ್ಟರು. ತಾಯಿ ಕಾರ್ಡಿನ ಮೇಲೆ ಹುಡುಗಿಯ ವಯಸ್ಸು 19 ಎಂದಿತ್ತು. ಡಾಕ್ಟರು ಆ ಅಂಕಿಯನ್ನೂ ಅವಳ ಮುಖವನ್ನೂ ಒಂದೊಂದು ಸಲ ನೋಡಿದರು. ಆಶಾಕ್ಕ ಕಿಟಕಿಯ ಹೊರಗೆ ನೋಡಿದಳು.

ಆ ಅಂಕಿಯ ಹಿಂದೆ ದೊಡ್ಡ ಇಕ್ಕಟ್ಟಿದೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 2012ರ ಪೋಕ್ಸೋ ಕಾಯ್ದೆಯಡಿ ಹದಿನೆಂಟರೊಳಗಿನ ಬಸುರಿ ಕಂಡರೆ ಪೊಲೀಸರಿಗೆ ತಿಳಿಸಲೇಬೇಕು, ಗಂಡನಾದರೂ ಅಷ್ಟೇ. ಕಾನೂನು ಸರಿಯಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ನೆರಳಿಗೆ ಹೆದರಿ ಎಷ್ಟೋ ಹುಡುಗಿಯರು ತಿಂಗಳು ತುಂಬುವ ತನಕ ಆಸ್ಪತ್ರೆಯ ಕಡೆ ಸುಳಿಯುವುದಿಲ್ಲ, ಆಧಾರ್‌ನಲ್ಲಿ ಹುಟ್ಟಿದ ವರ್ಷ ಹಿಂದಕ್ಕೆ ಜಾರುತ್ತದೆ, ಬಾಗಿಲು ತಟ್ಟಿದವಳು ಅಕ್ಕನೋ ಪೊಲೀಸಳೋ ಎಂಬ ಅನುಮಾನ ಮೊದಲು ಏಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ರಾಜ್ಯದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಅಷ್ಟೂ ಮನೆಗಳ ಹೊಸ್ತಿಲಲ್ಲಿ ಆಶಾಕ್ಕಂದಿರು ಈ ಅನುಮಾನವನ್ನು ದಾಟಿಯೇ ಒಳಗೆ ಹೋಗಬೇಕು. ಹುಡುಗಿಯ ನಿಜವಾದ ವಯಸ್ಸೆಷ್ಟು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತೋ ಏನೋ.

ಆಶಾಕ್ಕನ ಕಾರ್ಡಿನ ಆರೂ ಮನೆ ತುಂಬಿದವು. ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದವಳು ಅಗಸಿಯ ಕಟ್ಟೆಯ ಮೇಲೆ ಕೂತು ಚಪ್ಪಲಿಯೊಳಗಿನ ಮುಳ್ಳು ತೆಗೆಯುತ್ತಿದ್ದಳು. ಬೆಳಗ್ಗೆ ಹೊರಡುವ ಮುನ್ನ ಅವಳು ಒಲೆಯಿಂದ ಒಂದು ಇದ್ದಿಲ ಚೂರು ತರಿಸಿ, ಗೋಡೆಯ ಮೇಲೆ "ಅವ್ವ"ನ ನಂಬರಿನ ಕೆಳಗೆ ತನ್ನ ನಂಬರು ಬರೆದಿದ್ದಳು. ಅಂಕಿಗಳು ದಪ್ಪ ದಪ್ಪ, ಜೋಲಿಯ ಬಳಿ ಕೂತರೂ ಕಾಣುವಷ್ಟು. "ಮಿಸ್ ಕಾಲ್ ಕೊಡು ಸಾಕು, ನಾ ಮಾಡ್ತೀನಿ," ಅಂದಿದ್ದಳು.

ಆರೂಕಾಲು. ಕೊಟ್ಟಿಗೆಗಳಿಂದ ಹೊಗೆ ಏಳುತ್ತಿತ್ತು, ಹತ್ತಿಯ ಟಂಟಂ ಮರಳಿ ಬಂದು ಹೆಂಗಸರನ್ನು ಇಳಿಸುತ್ತಿತ್ತು. ಅವಳ ಫೋನು ಒಮ್ಮೆ ರಿಂಗಾಗಿ ನಿಂತಿತು. ನಂಬರು ನೋಡಿದವಳು ಮುಳ್ಳನ್ನು ಅಲ್ಲೇ ಬಿಟ್ಟು, ಎದ್ದು ನಿಂತು ತಿರುಗಿ ಮಾಡಿದಳು. ಆ ಕಡೆ ಕೂಸಿನ ಅಳು ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಏನಾಯ್ತವ್ವಾ?"

"ಏನಿಲ್ಲಕ್ಕ. ಕಟ್ಟಿ ಮ್ಯಾಲ ಕುಂತೀನಿ. ಎಪ್ಪತ್ತು ಆಗ್ಯಾವ. ಫೋನ್ ಹತ್ತತದೋ ಇಲ್ಲೋ ಅಂತ ನೋಡಿದೆ."